ಗೀರಿಗೂ ಒಂದು ಪ್ಯಾಕೇಜ್

ಅಣ್ಣನ ಮಗಳ ಮದುವೆ ವಿಡಿಯೋ ಮೊನ್ನೆ ಕೈಗೆ ಬಂತು. ಬಸವನಗುಡಿಯ ಛತ್ರದಲ್ಲಿ ಮೂರು ಕ್ಯಾಮೆರಾ ಇಟ್ಟು ತೆಗೆದದ್ದು. ಎಲ್ಲವೂ 4ಕೆ. ಹುಡುಗಿಯ ಮೂಗುತಿಯ ಹರಳು ಎಣಿಸಬಹುದು, ಅಷ್ಟು ಸ್ಪಷ್ಟ. ಆ ಸ್ಪಷ್ಟತೆ ಕೆಡಿಸೋಕೆ ಮೇಲೆ 20,000 ರೂಪಾಯಿ. ಅದರ ಹೆಸರು ಫಿಲ್ಮ್ ಲುಕ್ ಪ್ಯಾಕೇಜ್, ಅಂದರೆ ವಿಡಿಯೋ ಹಳೇ ರೀಲಿನ ಸಿನಿಮಾ ಹಾಗೆ ಕಾಣಬೇಕು.

ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಪರದೆ ತುಂಬ ಗೀರು, ಧೂಳು. ಧೂಳನ್ನೂ ಕಂಪ್ಯೂಟರಿನಲ್ಲೇ ಹಾಕಿದ್ದಂತೆ! ಹೊಸೂರು ರಸ್ತೆ ಪಕ್ಕ ಹತ್ತು ನಿಮಿಷ ಲೆನ್ಸ್ ಹಿಡಿದಿದ್ದರೆ ಪುಕ್ಕಟೆ ಸಿಗುತ್ತಿತ್ತು. ಅರಿಶಿನ ಕಿತ್ತಳೆ ಬಣ್ಣಕ್ಕೆ ತಿರುಗಿದೆ. ನೆರಳೆಲ್ಲ ನೀಲಿ ಹಸಿರು, ಅತ್ತಿಗೆಯ ಮುಖ ಪಾಚಿ ಕಟ್ಟಿದ ಹಾಗೆ. ಸಿನಿಮಾಸ್ಕೋಪ್ ಅಂತ ಮೇಲೆ ಕೆಳಗೆ ಕಪ್ಪು ಪಟ್ಟಿ ಎಳೆದಿದ್ದಾರೆ. ಆರಡಿ ಮದುಮಗನ ಪೇಟ ಅದರೊಳಗೆ ಹೋಯಿತು, ಅರ್ಧ ಹಣೆಯೂ ಹೋಯಿತು.

ನಮ್ಮ ಸೋದರಮಾವ ಗಾಂಧಿನಗರದ ಥಿಯೇಟರೊಂದರಲ್ಲಿ ಆಪರೇಟರ್ ಆಗಿದ್ದವರು. ಗೀರು ಬಿದ್ದ ಪ್ರಿಂಟ್ ಹಾಕಿದರೆ ಜನ ಶಿಳ್ಳೆ ಹೊಡೆದು, "ಲೇ ಆಪರೇಟರ್!" ಅಂತ ಅವರ ವಂಶವನ್ನೆಲ್ಲ ನೆನೆಯುತ್ತಿದ್ದರು. ಪ್ರೊಜೆಕ್ಟರಿನಲ್ಲಿ ರೀಲು ಲ್ಯಾಂಪಿನ ಮುಂದೆ ಹಾಯುವ ಕಿಂಡಿಗೆ ಗೇಟ್ ಅಂತಾರೆ. ಆ ಗೇಟಿನಲ್ಲಿ ಒಂದು ಕೂದಲು ಸಿಕ್ಕಿಕೊಳ್ಳದ ಹಾಗೆ ಬ್ರಷ್ ಹಿಡಿದು ಉಜ್ಜಿದ ಕೈ ಅದು. ಈಗ ಆ ಕೂದಲಿಗೂ ರೇಟ್ ಇದೆ ಅಂದರೆ ಅವರು ನಂಬಲೇ ಇಲ್ಲ.

ಫಿಲ್ಮಿನ ಚೆಂದ ಗೀರಿನಿಂದ ಬಂದದ್ದಲ್ಲ, ಅಲ್ವಾ? 1000 ಅಡಿಯ 35 ಎಂಎಂ ರೋಲು ಓಡುವುದು 11 ನಿಮಿಷ. ಖರ್ಚಿನ ಭಯಕ್ಕೇ ಲೈಟ್ ಸರಿ ಮಾಡಿ, ರಿಹರ್ಸಲ್ ಮುಗಿಸಿ, ಆಮೇಲೆ ಕ್ಯಾಮೆರಾ ಚಾಲೂ ಮಾಡುತ್ತಿದ್ದರು. ನಮ್ಮ ವಿಡಿಯೋ ಹುಡುಗರು ಆರು ಗಂಟೆ ಕ್ಯಾಮೆರಾ ಆರಿಸಿಲ್ಲ. ಪಂಕ್ತಿಯಲ್ಲಿ ಹೋಳಿಗೆ ಜಗಿದ ಒಂದು ಬಾಯನ್ನೂ ಬಿಟ್ಟಿಲ್ಲ. ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಚಿತ್ರ, ಅನ್ನುವ ಸಿನಿಮಾ ಮಂತ್ರ ಮಾತ್ರ ಚಾಚೂ ತಪ್ಪದೆ ಪಾಲಿಸಿದ್ದಾರೆ. ಆದರೆ ಆ ಮಂತ್ರ ಫಲಿಸಬೇಕಾದರೆ ಪ್ರತಿ ಫ್ರೇಮಿಗೂ ಶಟರ್ 1/48 ಸೆಕೆಂಡಿನ ಆಸುಪಾಸು ತೆರೆದಿರಬೇಕು. ಬಿಸಿಲಲ್ಲಾದರೆ ಅಷ್ಟು ಹೊತ್ತಿಗೆ ಬೆಳಕು ಜಾಸ್ತಿಯಾಗುತ್ತೆ, ಲೆನ್ಸಿಗೆ ಎನ್‌ಡಿ ಫಿಲ್ಟರ್, ಅಂದರೆ ಒಂಥರಾ ಕೂಲಿಂಗ್ ಗ್ಲಾಸ್ ಹಾಕಬೇಕು. ಇಲ್ಲಿ ಕೂಲಿಂಗ್ ಗ್ಲಾಸ್ ಹಾಕಿಕೊಂಡಿದ್ದು ಕ್ಯಾಮೆರಾಮನ್ ಒಬ್ಬನೇ. ಬೆಳಕು ತಗ್ಗಿಸೋಕೆ ಶಟರ್ ವೇಗ ಏರಿಸಿದ್ದಾರೆ, ಹಾಗಾಗಿ ದಿಬ್ಬಣದ ಮುಂದೆ ಕುಣಿದವರೆಲ್ಲ ಕರೆಂಟ್ ಹೊಡೆದವರ ಹಾಗೆ ಅದುರುತ್ತಿದ್ದಾರೆ.

ಕೊನೆಗೆ ಮಾಂಗಲ್ಯಧಾರಣೆ. ಗಟ್ಟಿಮೇಳ ಶುರುವಾಯಿತು. ಹುಡುಗನ ಕೈ ಹುಡುಗಿಯ ಕೊರಳಿಗೆ ಹೋಯಿತು. ಅಷ್ಟರಲ್ಲಿ ಪರದೆ ನಡುವೆ ಕಂದು ಬಣ್ಣದ ಗುಳ್ಳೆ ಎದ್ದು, ಚಿತ್ರ ಸುಟ್ಟು ಕರಗಿಹೋಯಿತು. ರೀಲು ಗೇಟಿನಲ್ಲಿ ನಿಂತು ಲ್ಯಾಂಪಿನ ಶಾಖಕ್ಕೆ ಸುಡುತ್ತಲ್ಲ, ಥೇಟ್ ಹಾಗೆ. ಮಾವ ಸೋಫಾದಿಂದ ಎದ್ದೇಬಿಟ್ಟರು. "ಲ್ಯಾಂಪ್ ಆರಿಸ್ರೋ, ಪ್ರಿಂಟ್ ಹೋಗುತ್ತೆ!"

ಸ್ಟುಡಿಯೋಗೆ ಫೋನ್ ಮಾಡಿದೆ. "ತಾಳಿ ಕಟ್ಟಿದ್ದೇ ಕಾಣ್ತಿಲ್ವಲ್ಲಪ್ಪ?"

"ಅದು ಬರ್ನ್ ಎಫೆಕ್ಟ್ ಸರ್. ಎಮೋಷನ್ ಇರೋ ಕಡೆ ಹಾಕ್ತೀವಿ."

"ಸುಟ್ಟಿದ್ದು, ಗೀರಿದ್ದು ಎಲ್ಲ ತೆಗೆದು ಸುಮ್ನೆ ಕ್ಲೀನಾಗಿ ಕೊಡ್ತೀಯಾ?"

"ಕೊಡ್ತೀನಿ ಸರ್. ಅದು ರಿಮಾಸ್ಟರಿಂಗ್ ಆಗುತ್ತೆ. ಚಾರ್ಜ್ ಬೇರೆ."