ಗ್ಯಾಸ್ಕೆಟ್ ದಪ್ಪ ನೋಡದೆ ಹೆಡ್ ಕೂರಿಸಬೇಡಿ
ಹಳೇ ಡೀಸೆಲ್ ಗಾಡಿಯ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಮುಚ್ಚಳವಾದ ಹೆಡ್ ನಡುವೆ ಸೋರದಂತೆ ಕೂರಿಸುವ ಹಾಳೆ) ಮನೆಯಲ್ಲೇ ಬದಲಿಸುವ ಬಗೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ, ಆದರೆ ಗ್ಯಾಸ್ಕೆಟ್ ದಪ್ಪದ ಮಾತೇ ಬಂದಿಲ್ಲ. ಅನೇಕ ಡೀಸೆಲ್ ಎಂಜಿನ್‌ಗಳಲ್ಲಿ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಬ್ಲಾಕ್‌ಗಿಂತ ಕೂದಲೆಳೆಯಷ್ಟು ಎತ್ತರ ನಿಲ್ಲುತ್ತದೆ. ಪ್ರತಿ ಸಿಲಿಂಡರಿನಲ್ಲೂ ಡಯಲ್ ಗೇಜ್ (ಸೂಕ್ಷ್ಮ ಅಳತೆ ತೋರಿಸುವ ಮುಳ್ಳಿನ ಮಾಪಕ) ಇಟ್ಟು ಈ ಎತ್ತರ ಅಳೆದು, ಅತಿ ಹೆಚ್ಚು ಬಂದ ಅಳತೆಗೆ ಹೊಂದುವ ಗ್ಯಾಸ್ಕೆಟ್ ತನ್ನಿ. ಅಂಚಿನ ಕಚ್ಚು ಅಥವಾ ತೂತುಗಳ ಸಂಖ್ಯೆಯೇ ದಪ್ಪದ ಗುರುತು. ತೆಳುವಾದರೆ ಪಿಸ್ಟನ್ ಹೆಡ್ಡಿಗೆ ಬಡಿಯುತ್ತದೆ. ದಪ್ಪವಾದರೆ ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಒತ್ತುವ ಪ್ರಮಾಣ) ಇಳಿದು ಚಳಿಯಲ್ಲಿ ಸ್ಟಾರ್ಟ್ ಆಗಲು ಸತಾಯಿಸುತ್ತದೆ.

ದಯವಿಟ್ಟು ಇದನ್ನೂ ಸೇರಿಸಿ: ಬ್ಲಾಕಿನ ಹೆಡ್ ಬೋಲ್ಟ್ ತೂತಿನಲ್ಲಿ ಆಯಿಲ್ ಅಥವಾ ನೀರು ನಿಂತಿದ್ದರೆ ಬಿಗಿಯುವಾಗ ಬ್ಲಾಕೇ ಬಿರುಕು ಬಿಡಬಹುದು. ಸಿರಿಂಜಿನಿಂದ ಹೀರಿ, ಗಾಳಿ ಹೊಡೆದು ಒಣಗಿಸಿ. ಹೆಡ್‌ನ ಗ್ಯಾಸ್ಕೆಟ್ ಕೂರುವ ಮುಖದ ಮೇಲೆ ನೇರ ಪಟ್ಟಿ ಇಟ್ಟಾಗ ಅದರಡಿ 0.05 ಮಿ.ಮೀ. ಫೀಲರ್ (ಸಂದು ಅಳೆಯುವ ತೆಳು ಲೋಹದ ಎಸಳು) ನುಸುಳಿದರೆ ಮ್ಯಾನ್ಯುಯಲ್‌ನ ಮಿತಿ ನೋಡಿ, ಮೀರಿದ್ದರೆ ಫೇಸಿಂಗಿಗೆ (ಆ ಮುಖ ಸಮತಟ್ಟು ಮಾಡಿಸಲು) ಕೊಡಿ.