ತೂಕ ಇಳಿಸಿ ಎಂದಿತು ಸರ್ಕಾರ, ಊಟ ಬಿಟ್ಟವರು ಮಕ್ಕಳು

2020ರ ಏಪ್ರಿಲ್‌ನಲ್ಲಿ ಬ್ರಿಟನ್ ಪ್ರಧಾನಿ ಬೋರಿಸ್ ಜಾನ್ಸನ್ ಕೋವಿಡ್ ತಗುಲಿ ತೀವ್ರ ನಿಗಾ ಘಟಕ ಸೇರಿದರು. ಬದುಕಿ ಬಂದ ಮೇಲೆ, ತಾನು ವಿಪರೀತ ದಪ್ಪಗಿದ್ದೆ ಎಂದು ಅವರೇ ಹೇಳಿಕೊಂಡರು. ಜುಲೈ ಹೊತ್ತಿಗೆ ತೂಕ ಇಳಿಸುವ ಸರ್ಕಾರಿ ಅಭಿಯಾನ ಶುರುವಾಯಿತು. ಬೊಜ್ಜಿರುವ ಮಧ್ಯವಯಸ್ಕರಿಗೆ ಅದು ತಕ್ಕ ಬುದ್ಧಿಮಾತೇ ಇರಬಹುದು. ಆದರೆ ಶಾಲೆ ಮುಚ್ಚಿ ಮನೆಯಲ್ಲಿ ಕೂತಿದ್ದ ಹದಿನಾಲ್ಕರ ಹುಡುಗಿಯ ಕಿವಿಗೂ ಅದೇ ಮಾತು ಬಿತ್ತಲ್ಲ!

ದಪ್ಪಗಾಗುವ ಭಯದಲ್ಲಿ ಊಟ ಬಿಟ್ಟು ಸೊರಗುವ ಅನೊರೆಕ್ಸಿಯಾ, ಅತಿಯಾಗಿ ತಿಂದು ಆಮೇಲೆ ವಾಂತಿ ಮಾಡಿಕೊಳ್ಳುವ ಬುಲಿಮಿಯಾದಂತಹ ತಿನ್ನುವಿಕೆಯ ಕಾಯಿಲೆಗಳು ಆ ಕಾಲದಲ್ಲಿ ಏರಿದವು. ತುರ್ತು ಪ್ರಕರಣಗಳಲ್ಲಿ ಶೇ 95ರಷ್ಟು ಮಕ್ಕಳಿಗೆ ಒಂದೇ ವಾರದೊಳಗೆ ಚಿಕಿತ್ಸೆ ಸಿಗಬೇಕೆಂಬುದು ಇಂಗ್ಲೆಂಡಿನ ಗುರಿ. ರೋಗಿಗಳ ಸಾಲು ಬೆಳೆದು ಆ ಗುರಿ ಕೈತಪ್ಪಿತು. ಅಮೆರಿಕದಲ್ಲಿಯೂ ಈ ಕಾಯಿಲೆಗಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಬರುವ 12ರಿಂದ 17 ವರ್ಷದ ಹುಡುಗಿಯರ ಪ್ರಮಾಣ ಇಮ್ಮಡಿಯಾಯಿತು.

ಎಲ್ಲದಕ್ಕೂ ಮೊಬೈಲನ್ನೇ ಬೈಯುವುದು ನನಗೆ ಒಪ್ಪಿಗೆಯಿಲ್ಲ. ಇನ್‌ಸ್ಟಾಗ್ರಾಮ್ ಮೂವರಲ್ಲಿ ಒಬ್ಬ ಹದಿಹರೆಯದ ಹುಡುಗಿಗೆ ತನ್ನ ಮೈಯ ಬಗೆಗಿನ ಬೇಸರವನ್ನು ಹೆಚ್ಚಿಸುತ್ತದೆ ಎಂದು ಆ ಕಂಪನಿಯ ಒಳಗಿನ ಕಡತವೇ ಹೇಳಿದ್ದು 2021ರಲ್ಲಿ ಬಯಲಾಯಿತು, ನಿಜ. ಆದರೆ ಪರೀಕ್ಷೆ, ಗೆಳತಿಯರು, ಆಟದ ಮೈದಾನ ಎಲ್ಲವೂ ಕೈಬಿಟ್ಟಾಗ ಆ ಮಗುವಿನ ಹಿಡಿತದಲ್ಲಿ ಉಳಿದದ್ದು ತಟ್ಟೆಯೊಂದೇ. ಊಟ ಅರ್ಧಕ್ಕೆ ಬಿಟ್ಟದ್ದನ್ನು ಗಮನಿಸುವ ಸಹಪಾಠಿಯೂ ಎದುರಿಗಿರಲಿಲ್ಲ. ದಿನವೂ ನೋಡುವ ತಂದೆತಾಯಿಗೆ ಮೆಲ್ಲನೆ ಕರಗುವ ಮೈ ಕಾಣುವುದಿಲ್ಲ. ವೈದ್ಯರ ಭೇಟಿಯೋ, ವಿಡಿಯೊ ಕರೆಗೆ ಇಳಿದಿತ್ತು. ಪರದೆಯಲ್ಲಿ ನಾಡಿ ಹಿಡಿಯುವುದು ಹೇಗೆ? ಮಾನಸಿಕ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವವುಗಳ ಸಾಲಿನಲ್ಲಿ ಅನೊರೆಕ್ಸಿಯಾ ಇದೆ. ಹುಡುಗರಿಗೂ ಬರುತ್ತದೆ, ಅವರದು ಇನ್ನೂ ತಡವಾಗಿ ಗೊತ್ತಾಗುತ್ತದೆ.

ಇಷ್ಟಾದರೂ 2022ರ ಏಪ್ರಿಲ್‌ನಿಂದ ಇಂಗ್ಲೆಂಡಿನ ದೊಡ್ಡ ಹೋಟೆಲುಗಳ ಮೆನುವಿನಲ್ಲಿ ಕ್ಯಾಲೊರಿ ನಮೂದಿಸುವುದು ಕಡ್ಡಾಯವಾಯಿತು. ಈ ರೋಗಿಗಳ ಪರ ಕೆಲಸ ಮಾಡುವ ಬೀಟ್ ಸಂಸ್ಥೆ ಬೇಡವೆಂದರೂ ಕೇಳಲಿಲ್ಲ. ಹೋಟೆಲಿನಲ್ಲಿ ಧೈರ್ಯ ಮಾಡಿ ಒಂದು ತುತ್ತು ತಿನ್ನಲು ಬಂದ ಹುಡುಗಿಗೆ ಮೊದಲು ಕಾಣುವುದೇ ಆ ಅಂಕಿ. ಮೂರ್ಖ ನಿಯಮ, ನನ್ನ ಮಟ್ಟಿಗೆ.

ನಮ್ಮಲ್ಲಿ ಇಂತಹ ನಿಯಮವೇ ಬೇಕಿಲ್ಲ, ನೆಂಟರಿದ್ದಾರೆ. ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತವಳಿಗೆ "ಎಷ್ಟು ದಪ್ಪಗಾಗಿದ್ದೀಯೇ" ಎನ್ನುವ ಅತ್ತೆ, ಸೊರಗಿದವಳಿಗೆ "ಈಗ ಚೆನ್ನಾಗಿ ಕಾಣುತ್ತೀಯ" ಎನ್ನುವ ಚಿಕ್ಕಮ್ಮ. ಮಗಳು ಊಟ ತಪ್ಪಿಸುತ್ತಿದ್ದರೆ, ಮುಟ್ಟು ನಿಂತಿದ್ದರೆ, ಉಂಡ ಕೂಡಲೇ ಬಚ್ಚಲಿಗೆ ಓಡುತ್ತಿದ್ದರೆ ಅದು ಹಟವಲ್ಲ, ಡಯಟ್ಟೂ ಅಲ್ಲ. ಹರಕೆ, ಉಪವಾಸ ಎಂದು ಸುಮ್ಮನಿರದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಮನೋವೈದ್ಯರೆಂದರೆ ನಾಚಿಕೆಯೇ? ಮೊದಲು ಮನೆಯ ಹತ್ತಿರದ ಡಾಕ್ಟರೇ ತೂಕ, ನಾಡಿ, ರಕ್ತದೊತ್ತಡ ನೋಡಲಿ.