ಮೊಬೈಲಿಗೂ ಒಂದು ಪೌತಿ ಖಾತೆ ಮಾಡಿಕೊಡಿ ಮಾರಾಯ್ರೆ

‘ಈ ಸಾಧನವನ್ನು ರೀಸೆಟ್ ಮಾಡಲಾಗಿದೆ. ಮುಂದುವರಿಯಲು, ಹಿಂದೆ ಇದರಲ್ಲಿ ಸಿಂಕ್ ಆಗಿದ್ದ ಗೂಗಲ್ ಖಾತೆಯಿಂದ ಸೈನ್ ಇನ್ ಮಾಡಿ.’ ಶಿವಮೊಗ್ಗದ ಯಾವ ಮೊಬೈಲ್ ರಿಪೇರಿ ಅಂಗಡಿಯ ಮುಂದೆ ಬೇಕಾದರೂ ಅರ್ಧ ಗಂಟೆ ನಿಲ್ಲಿ, ಈ ಮಂತ್ರ ಕಿವಿಗೆ ಬೀಳುತ್ತದೆ. ಹಿಂದೆ ಸಿಂಕ್ ಆಗಿದ್ದ ಯಜಮಾನರು ಈಗ ತುಂಗೆಯ ಜೊತೆ ಸಿಂಕ್ ಆಗಿ ಎಂಟು ತಿಂಗಳಾಯಿತು ಎಂದು ಗೂಗಲ್ಲಿಗೆ ಹೇಳುವವರು ಯಾರು? ಹೇಳಿದರೂ ಅದು ಕೇಳುವುದು ಪಾಸ್‌ವರ್ಡು.

ನಮ್ಮ ಕಡೆ ಸತ್ತವರಿಗೆ ತೃಪ್ತಿಯಾಯಿತೋ ಇಲ್ಲವೋ ತಿಳಿಯಲು ಕಾಗೆ ಇದೆ. ಪಿಂಡ ಮುಟ್ಟದೆ ಮರದ ಮೇಲೆ ಕೂತರೆ ಮನೆಯವರು ಒಬ್ಬೊಬ್ಬರಾಗಿ ಕೈಮುಗಿಯುತ್ತಾರೆ. ‘ತಂಗಿ ಮದುವೆ ನಾವು ಮಾಡ್ತೇವೆ’, ‘ಸೊಸೈಟಿ ಸಾಲ ನಾವು ತೀರಿಸ್ತೇವೆ’. ಯಾವುದೋ ಒಂದು ಮಾತಿಗೆ ಕಾಗೆ ಇಳಿದು ಬಂದು ಕುಕ್ಕುತ್ತದೆ. ಅದಕ್ಕೂ ಹಸಿವಾಗುತ್ತದಲ್ಲ. ಗೂಗಲ್ಲಿಗೆ ಹಾಗಲ್ಲ, ಯಜಮಾನರು ಬದುಕಿದ್ದಾಗಲೇ ಎಲ್ಲ ತಿಂದು ತೇಗಿ ಕೂತಿದೆ.

ರೀಸೆಟ್ ಆದ ಫೋನು ಹಳೆಯ ಖಾತೆ ಕೇಳುವ ಈ ಬೀಗದ ಹೆಸರು ಎಫ್‌ಆರ್‌ಪಿ, ಅಂದರೆ ಫ್ಯಾಕ್ಟರಿ ರೀಸೆಟ್ ಪ್ರೊಟೆಕ್ಷನ್. 2015ರಲ್ಲಿ ಆಂಡ್ರಾಯ್ಡ್ 5.1ರ ಜೊತೆ ಬಂತು. ಆಪಲ್‌ನವರ ಆಕ್ಟಿವೇಶನ್ ಲಾಕ್ ಅದಕ್ಕೂ ಎರಡು ವರ್ಷ ದೊಡ್ಡದು. ಕಳ್ಳರಿಗೆಂದು ಮಾಡಿದ್ದು, ಒಳ್ಳೆಯದೇ. ಆದರೆ ಅದಕ್ಕೆ ಕಳ್ಳನಿಗೂ ಮಗನಿಗೂ ವ್ಯತ್ಯಾಸ ಗೊತ್ತಿಲ್ಲ. (ಕೆಲವು ಮನೆಗಳಲ್ಲಿ ಯಜಮಾನರಿಗೂ ಗೊತ್ತಾಗುತ್ತಿರಲಿಲ್ಲ, ಅದು ಬೇರೆ ವಿಷಯ.) ಪವರ್ ಬಟನ್ನು, ವಾಲ್ಯೂಮಿನ ಮೇಲಿನ ಬಟನ್ನು ಒಟ್ಟಿಗೆ ಒತ್ತಿ ಹಿಡಿದು ರಿಕವರಿ ಎಂಬ ಮೆನುವಿಗೆ ಹೋಗಿ ‘ವೈಪ್ ಡೇಟಾ’ ಕೊಟ್ಟರೆ ಫೋನು ತೊಳೆದಿಟ್ಟ ಹಾಗಾಗುತ್ತದೆ ಎಂದು ಜನ ನಂಬಿದ್ದಾರೆ. ತೊಳೆದು ಹೋಗುವುದು ಫೋಟೊ, ವಿಡಿಯೊ, ಮೊಮ್ಮಗಳಿಗೆ ಹಾಡಿ ಇಟ್ಟಿದ್ದ ಎರಡು ಸಾಲು. ಖಾತೆಯ ಗುರುತು ಮಾತ್ರ ರೀಸೆಟ್ಟಿನ ಕೈ ತಾಗದ ಬೇರೊಂದು ಸಣ್ಣ ವಿಭಾಗದಲ್ಲಿ ಭದ್ರ. ನೆರೆಯಲ್ಲಿ ಮನೆಯೆಲ್ಲ ಕೊಚ್ಚಿಹೋಗಿ ಬಾಗಿಲೊಂದು ಚಿಲಕ ಸಮೇತ ನಿಂತ ಹಾಗೆ.

ಈ ಖಾತೆ ಹುಟ್ಟಿದ ಕಥೆ ಎಲ್ಲರಿಗೂ ಗೊತ್ತಿರುವುದೇ. ಯಜಮಾನರು ಅಡಿಕೆ ಮಂಡಿಯಲ್ಲಿ ದುಡ್ಡು ಎಣಿಸಿಕೊಂಡು ಬಂದು ಫೋನು ಕೊಂಡರು. ‘ಜಿಮೇಲ್ ಇದ್ಯಾ ಹೆಗ್ಡೇರೆ?’ ಎಂದ ಅಂಗಡಿ ಹುಡುಗ. ‘ಅದೆಂತದು ಮಾರಾಯ?’ ಎಂದರು. ಹುಡುಗ ಎರಡು ನಿಮಿಷದಲ್ಲಿ ಹೆಸರಿನ ಬಾಲಕ್ಕೆ ಕೈಗೆ ಸಿಕ್ಕ ನಾಲ್ಕು ಅಂಕಿ ಅಂಟಿಸಿ ಖಾತೆ ತೆರೆದ. ಪಾಸ್‌ವರ್ಡು ಅವನ ಮನಸ್ಸಿಗೆ ಬಂದದ್ದು. ರಿಕವರಿ ಇಮೇಲ್ ಕೇಳಿದಲ್ಲಿ ‘ಸ್ಕಿಪ್’. ಆ ಹುಡುಗ ಈಗ ಬೆಂಗಳೂರಲ್ಲಿ ಎಲ್ಲೋ ಬಿರಿಯಾನಿ ತಲುಪಿಸುತ್ತಿದ್ದಾನೆ. ಯಜಮಾನರು ಚಟ್ಟದಿಂದ ಎದ್ದು ಬಂದು ಜಗಲಿಯಲ್ಲಿ ಕೂತರೂ ಪಾಸ್‌ವರ್ಡು ಹೇಳಲಾರರು, ಬದುಕಿದ್ದಾಗಲೂ ಅವರಿಗೆ ಅದು ಗೊತ್ತಿರಲಿಲ್ಲ.

ಇನ್ನು ಬೆರಳು. ಚಟ್ಟ ಏಳುವ ಮೊದಲು ಹೆಬ್ಬೆಟ್ಟು ಒತ್ತಿಸಿಬಿಡೋಣ ಎಂಬ ಬುದ್ಧಿವಂತರಿದ್ದಾರೆ. ಬೇಡಿ. ಫೋನು ಒಮ್ಮೆ ಆಫ್ ಆಗಿ ಆನ್ ಆದರೆ ಪಿನ್ ಬಿಟ್ಟು ಬೇರೆ ಯಾವುದಕ್ಕೂ ಬಗ್ಗುವುದಿಲ್ಲ. ಪಿನ್ ಹಾಕದೆ 72 ಗಂಟೆ ಕಳೆದರೂ ಅಷ್ಟೇ. ಅಷ್ಟಕ್ಕೂ ಬದುಕಿದ್ದವರ ಬೆರಳಾದರೂ ಎಲ್ಲಿ ನಡೆಯುತ್ತದೆ? ಕೊನೆಕೊಯ್ಲಿನ ಕಾಲದಲ್ಲಿ ಹಸಿ ಅಡಿಕೆ ಸುಲಿದ ಕೈಯನ್ನು ನ್ಯಾಯಬೆಲೆ ಅಂಗಡಿಯ ಯಂತ್ರದ ಮೇಲಿಟ್ಟು ನೋಡಿ. ಚೊಗರು ಹತ್ತಿ ಕಪ್ಪಾಗಿ, ಕತ್ತಿ ತಾಗಿ ಗೀರು ಬಿದ್ದ ಹೆಬ್ಬೆಟ್ಟು. ‘ಇನ್ನೊಂದು ಬೆರಳು ಇಡಿ ಅಜ್ಜಿ’, ‘ಒರೆಸಿ ಇಡಿ ಅಜ್ಜಿ’. ಸರಿಯಾಗಿ ಅದೇ ನವೆಂಬರಿನಲ್ಲಿ ಪಿಂಚಣಿದಾರರು ತಾವಿನ್ನೂ ಬದುಕಿದ್ದೇವೆ ಎಂದು ಜೀವನ್ ಪ್ರಮಾಣ್ ಕೊಡಬೇಕು. ಬೆರಳು ಒಪ್ಪದಿದ್ದರೆ ಮುಖ ತೋರಿಸಿ, ಕಣ್ಣು ಮಿಟುಕಿಸಿ. ಎಂಬತ್ತರ ಮೇಷ್ಟ್ರು ಮೊಮ್ಮಗನ ಫೋನಿಗೆ ಕಣ್ಣು ಹೊಡೆದು ಪಿಂಚಣಿ ಉಳಿಸಿಕೊಳ್ಳುವ ದೃಶ್ಯ ನೋಡಿದರೆ ಮೇಲಿನವರಿಗೂ ನಗು ಬರಬೇಕು. ಬದುಕಿದ್ದೇವೆ ಎಂದರೆ ಸರ್ಕಾರ ನಂಬುವುದಿಲ್ಲ, ಸತ್ತಿದ್ದೇವೆ ಎಂದರೆ ಫೋನು ನಂಬುವುದಿಲ್ಲ.

ಈಗಿನ ಸಾವಿಗೆ ಪಂಚಾಂಗವೂ ಬೇರೆ. ಮರಣ ನೋಂದಣಿ 21 ದಿನದೊಳಗೆ. ರೀಚಾರ್ಜಿಲ್ಲದೆ ಸುಮ್ಮನೆ ಬಿದ್ದ ಸಿಮ್ಮು 90 ದಿನ ಕಳೆದರೆ ಸಾಯಬಹುದು. ಸತ್ತು ಇನ್ನೊಂದು 90 ದಿನವಾದ ಮೇಲೆ ಅದೇ ನಂಬರು ಯಾರದೋ ಜೇಬಿನಲ್ಲಿ ಮರುಹುಟ್ಟು ಪಡೆಯಬಹುದು. ವಾಟ್ಸಾಪಿಗೆ 120 ದಿನ. ಬಳಕೆಯಿಲ್ಲದ ಗೂಗಲ್ ಖಾತೆಗೆ 2 ವರ್ಷ. ಬೀಗಕ್ಕೆ ಮಾತ್ರ ಅಶ್ವತ್ಥಾಮನ ಆಯಸ್ಸು, ಖಾತೆಯೇ ಅಳಿದುಹೋದರೂ ತಾನಾಗಿ ಕಳಚಿಕೊಳ್ಳುವುದಿಲ್ಲ. ಆದ್ದರಿಂದ ಸೂತಕದ ಮನೆಯಲ್ಲಿ ಮೊದಲ ಕರ್ಮ ಯಾವುದೆಂದರೆ ಸಿಮ್ಮಿಗೆ ರೀಚಾರ್ಜು. ಓಟಿಪಿ ಬರುವುದು ಅದಕ್ಕೇ. ಎರಡನೆಯದು, ಯಾರು ಹೇಳಿದರೂ ರೀಸೆಟ್ ಒತ್ತಬಾರದು. ಮನೆಯವರಿಗೆ ಪಿನ್ ಗೊತ್ತಿದ್ದರೆ ಮುಕ್ಕಾಲು ಪಾಲು ಗೆದ್ದ ಹಾಗೆ. ಫೋಟೊ ಇಳಿಸಿಕೊಂಡು, ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಖಾತೆ ತೆಗೆದು, ಆಮೇಲೆ ಅಲ್ಲಿಂದಲೇ ರೀಸೆಟ್. ಓಟಿಪಿ ತರಿಸಿಕೊಂಡು ಪಾಸ್‌ವರ್ಡು ಬದಲಿಸಿದವರು ಅವಸರ ಮಾಡಬಾರದು, 24 ಗಂಟೆ ಕಾಯದೆ ರೀಸೆಟ್ ಮಾಡಿದರೆ ಹೊಸ ಪಾಸ್‌ವರ್ಡೂ ನಡೆಯುವುದಿಲ್ಲ.

ಇಷ್ಟೂ ಕೈಕೊಟ್ಟರೆ ಕಂಪನಿಯ ಸರ್ವಿಸ್ ಸೆಂಟರ್. ಅಲ್ಲಿ ಮೂಲ ಬಿಲ್ ಕೇಳುತ್ತಾರೆ. ಬಿಲ್ ಇದೆ! ಯಜಮಾನರು ಜೋಪಾನವಾಗಿ ಪ್ಲಾಸ್ಟಿಕ್ ಕವರಿಗೆ ಹಾಕಿ, ಬೀರುವಿನಲ್ಲಿ ಎಲ್‌ಐಸಿ ಬಾಂಡಿನ ಕೆಳಗೆ ಇಟ್ಟಿದ್ದಾರೆ. ತೆಗೆದರೆ ಬಿಳಿ ಹಾಳೆ, ಒಂದು ಮೂಲೆಯಲ್ಲಿ ಬೂಷ್ಟು. ಥರ್ಮಲ್ ಕಾಗದದಲ್ಲಿ ಶಾಯಿಯೇ ಇರುವುದಿಲ್ಲ, ಬಿಸಿ ತಾಗಿದಲ್ಲಿ ಕಪ್ಪಾಗುವ ಲೇಪ ಅಷ್ಟೇ. ಅದನ್ನು ಪಿವಿಸಿ ಕವರಿನಲ್ಲಿಟ್ಟರೆ ಪ್ಲಾಸ್ಟಿಕ್ಕಿನ ರಾಸಾಯನಿಕವೇ ಅಕ್ಷರ ತಿನ್ನುತ್ತದೆ. ಮಲೆನಾಡಿನ ಮಳೆಗಾಲದಿಂದ ಕಾಪಾಡಲು ಹಾಕಿದ ಕವರೇ ಬಿಲ್ಲನ್ನು ಅಳಿಸಿ ಹಾಕಿರುತ್ತದೆ. ಕೊಂಡ ದಿನವೇ ಒಂದು ಜೆರಾಕ್ಸ್ ತೆಗೆಸಿದ್ದರೆ ಮುಗಿದಿತ್ತು.

ಹಾಗೆಂದು ದೊಡ್ಡ ಕಂಪನಿಗಳು ಸಾವಿನ ಬಗ್ಗೆ ಯೋಚಿಸಿಯೇ ಇಲ್ಲ ಎಂದರೆ ಅಪಚಾರವಾದೀತು. 2013ರಿಂದಲೇ ಗೂಗಲ್ಲಿನಲ್ಲಿ ‘ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್’ ಇದೆ. 3, 6, 12 ಅಥವಾ 18 ತಿಂಗಳು ಸದ್ದಿಲ್ಲದಿದ್ದರೆ ಹತ್ತು ಜನರವರೆಗೆ ಸುದ್ದಿ ಮುಟ್ಟಿಸುತ್ತದೆ. ಆಪಲ್ಲಿನಲ್ಲಿ 2021ರ ಡಿಸೆಂಬರಿನಿಂದ ‘ಲೆಗಸಿ ಕಾಂಟ್ಯಾಕ್ಟ್’, ಅಂದರೆ ಸತ್ತ ಮೇಲೆ ಖಾತೆ ತೆರೆದು ನೋಡುವವರನ್ನು ಮೊದಲೇ ಹೆಸರಿಸಿಡುವ ವ್ಯವಸ್ಥೆ. ಎಂಥ ದೂರದೃಷ್ಟಿ! ಹೊಸನಗರದ ಅಜ್ಜನೊಬ್ಬ ಕಷಾಯ ಕುಡಿದು, ಕವಳ ಹಾಕಿ, ಸೆಟ್ಟಿಂಗ್ಸಿನ ಏಳು ಕೋಣೆ ದಾಟಿ ಹೋಗಿ, ತಾನು ಸತ್ತ ಮೇಲೆ ಯಾರಿಗೆ ಮೇಲ್ ಹೋಗಬೇಕೆಂದು ಇಂಗ್ಲಿಷಿನಲ್ಲಿ ಬರೆದಿಡಬೇಕು. ಬರೆದಿಡದೆ ಸತ್ತರೆ ತಪ್ಪು ಅಜ್ಜನದು. ಪಾಸ್‌ವರ್ಡು ಯಾರಿಗೂ ಕೊಡಲಾಗದು ಎಂದು ಗೂಗಲ್ ಮೊದಲೇ ಹೇಳಿದೆ.

ನಗು ಬರುವುದು ಇಲ್ಲಿಯವರೆಗೆ ಮಾತ್ರ. ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಬರೆಸುವ ಪೌತಿ ಖಾತೆಯನ್ನು ಎಷ್ಟು ಬೈದಿಲ್ಲ ನಾವು! ಅಜ್ಜ ಹೋಗಿ ಮೂವತ್ತು ವರ್ಷವಾದರೂ ಪಹಣಿಯಲ್ಲಿ ಅಜ್ಜನೇ ಕೂತಿರುತ್ತಾನೆ. ಆದರೂ ಮರಣ ಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಹೋದರೆ ಅಲ್ಲೊಂದು ಬೆಂಚಿದೆ, ಮೇಜಿನ ಆಚೆ ಒಬ್ಬ ಮನುಷ್ಯ ಇದ್ದಾನೆ. ‘ನಾಳೆ ಬನ್ನಿ’ ಎನ್ನಲಿಕ್ಕಾದರೂ ಬಾಯಿದೆ. ನಾಲ್ಕೆಕರೆ ತೋಟವನ್ನು ಸತ್ತವನಿಂದ ಬದುಕಿದ್ದವನಿಗೆ ದಾಟಿಸಲು ಬರುವ ದೇಶಕ್ಕೆ ಹತ್ತು ಸಾವಿರದ ಫೋನು ದಾಟಿಸಲು ಬರುವುದಿಲ್ಲ. 2023ರ ದತ್ತಾಂಶ ಕಾಯ್ದೆಯ 14ನೇ ಕಲಮಿನಲ್ಲಿ ನಾಮಿನಿ ಮಾಡುವ ಹಕ್ಕು ಬರೆದಿದ್ದಾರೆ. ಫೋನು ಮಾರುವಾಗ ಕವರು, ಟೆಂಪರ್ಡ್ ಗ್ಲಾಸು, ಇನ್ಶೂರೆನ್ಸು ಎಲ್ಲ ಕೇಳುವವರು ನಾಮಿನಿ ಯಾರೆಂದು ಯಾಕೆ ಕೇಳುವುದಿಲ್ಲ? ಅಪ್ಪನ ಮುಖ ಇನ್ನೊಮ್ಮೆ ನೋಡಬೇಕು ಎಂದು ಬಂದ ಹೆಣ್ಣುಮಗಳಿಗೆ ‘ಎಲ್ಲ ಡಿಲೀಟ್ ಆಗ್ತದೆ ಅಕ್ಕ, ಪರವಾಗಿಲ್ವಾ?’ ಎಂದು ಕೇಳುವ ಕೆಲಸ ರಿಪೇರಿ ಹುಡುಗನ ಪಾಲಿಗೆ ಬಿದ್ದಿದೆ. ಸಾಕಾಗಿದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರ ಪಾಡು ಎರಡು ಮಾತಲ್ಲಿ ಮುಗಿಯುತ್ತದೆ. *#06# ಒತ್ತಿ ಫೋನಿನ ಗುರುತಿನ ಸಂಖ್ಯೆ, ಅಂದರೆ 15 ಅಂಕಿಯ ಐಎಂಇಐ ತೆಗೆಯಿರಿ. ಇಂಗ್ಲಿಷಿನಲ್ಲಿ ಕೆವೈಎಂ ಎಂದು ಟೈಪಿಸಿ, ಜಾಗ ಬಿಟ್ಟು, ಆ ಅಂಕಿ ಬರೆದು 14422ಕ್ಕೆ ಕಳಿಸಿದರೆ ಕದ್ದ ಮಾಲೆಂದು ಬ್ಲಾಕ್ ಆಗಿದೆಯೋ ತಿಳಿಯುತ್ತದೆ. ಸತ್ತವರ ಮಾಲೋ ಅದು ಹೇಳುವುದಿಲ್ಲ. ಅದಕ್ಕೆ ಮಾರುವವನ ಎದುರೇ ರೀಸೆಟ್ ಮಾಡಿಸಿ, ವೈಫೈ ಕೊಟ್ಟು, ಹೋಮ್ ಸ್ಕ್ರೀನ್ ಬರುವವರೆಗೆ ದುಡ್ಡು ಜೇಬಿನಲ್ಲಿರಲಿ. ‘ಬೈಪಾಸ್ ಮಾಡಿಕೊಡ್ತೇನೆ ಅಣ್ಣ’ ಎನ್ನುವ ಯೂಟ್ಯೂಬ್ ಪಂಡಿತರನ್ನು ನಂಬಬೇಡಿ. ಆಂಡ್ರಾಯ್ಡ್ 15ರಿಂದ ಈಚೆಗೆ ಹೇಗೋ ಒಳಗೆ ನುಸುಳಿದರೂ ಹೊಸ ಖಾತೆ ಸೇರಿಸಲು, ಆಪ್ ಹಾಕಲು ಬಿಡುವುದಿಲ್ಲ.

ಬೀಗ ಬಿದ್ದ ಫೋನು ಪೂರ್ತಿ ನಿರುಪಯೋಗಿ ಎಂದೂ ಹೇಳುವಂತಿಲ್ಲ. ಡಿಸ್‌ಪ್ಲೇ ಬಿಚ್ಚಿ ಮಾರಬಹುದು. ಬಿಚ್ಚದೆ ಇಟ್ಟುಕೊಂಡರೆ ಪಾಸ್‌ವರ್ಡಿಲ್ಲದೆ ಒಂದು ಕರೆ ಹೋಗುತ್ತದೆ, 112ಕ್ಕೆ. ಆಗುಂಬೆ ಕಡೆಯವರು ಅದಕ್ಕೂ ಮೊದಲು ಸಿಗ್ನಲ್ ಸಿಗುವ ಗುಡ್ಡ ಹತ್ತಬೇಕು.